ಕಾಳಿ ನದಿ: ತೇಗದ ದಿಮ್ಮಿಯಿಂದ ರಾಫ್ಟಿನವರೆಗೆ

ಕಾಳಿ ನದಿ ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು ಕಾರವಾರದ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ದಾಂಡೇಲಿ ದಾಟಿದ ಮೇಲೆ ಆಳ ಕಣಿವೆಗಳಲ್ಲಿ ಘಟ್ಟ ಇಳಿಯುವ ನೀರು ಕದ್ರಾದ ಬಳಿ ಸಮತಟ್ಟಿಗೆ ಬರುತ್ತದೆ. ಅಲ್ಲಿಂದ ಸದಾಶಿವಗಡದ ಅಳಿವೆಯವರೆಗೆ ಹಿಂದೆ ದೋಣಿ ಸಂಚಾರವಿತ್ತು.

ಹಳಿಯಾಳ, ಸೂಪಾ ಸೀಮೆಯ ಕಾಡಿಗೆ ಬೆಲೆ ಬಂದದ್ದು ತೇಗದಿಂದ. ಎಣ್ಣೆಯಂಶವಿರುವ ಈ ಮರ ಉಪ್ಪುನೀರಿಗೆ ಬೇಗ ಕೊಳೆಯದು. ಹಾಗಾಗಿ ಹಡಗು ಕಟ್ಟುವವರ ಕಣ್ಣು ಅದರ ಮೇಲಿತ್ತು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್ ಕುಮರಿ ಬೇಸಾಯವನ್ನು ಕಟುವಾಗಿ ವಿರೋಧಿಸಿದರು. 1860ರಲ್ಲಿ ಸರ್ಕಾರ ಅದಕ್ಕೆ ತಡೆ ಹಾಕಿತು. ಕಾಡು ಸವರಿ, ಸುಟ್ಟು, ರಾಗಿ ಬಿತ್ತುತ್ತಿದ್ದ ಕುಣಬಿಗಳ ಅನ್ನಕ್ಕೇ ಬಿದ್ದ ಪೆಟ್ಟು ಅದು. ತೇಗದ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗಬಾರದು. ಈ ಕಾಡುಗಳಿರುವ ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು.

ಹಸಿ ತೇಗ ತೇಲದು. ಆದ್ದರಿಂದ ನಿಂತ ಮರದ ಬುಡದ ಸುತ್ತ ತೊಗಟೆಯನ್ನೂ ಹೊರಮರವನ್ನೂ ಕಡಿದು, ಅಲ್ಲೇ ಒಣಗಲು ಬಿಟ್ಟು, ಆಮೇಲೆ ಉರುಳಿಸುವುದು ತೇಗದ ಕಾಡುಗಳ ವಾಡಿಕೆಯಾಗಿತ್ತು. ದಿಮ್ಮಿಗಳನ್ನು ಹೊಳೆದಂಡೆಗೆ ಎಳೆದು ತಂದರೆ ಮಳೆಗಾಲದ ನೆರೆ ಕರಾವಳಿಗೆ ಒಯ್ಯುತ್ತಿತ್ತು.

1880ರ ದಶಕದ ಕೊನೆಗೆ ಹುಬ್ಬಳ್ಳಿ–ಲೋಂಡಾ ರೈಲುಮಾರ್ಗ ಬಂತು. ಮುಂದೆ ಅಳ್ನಾವರದಿಂದ ದಾಂಡೇಲಿಗೆ ಕವಲು ಹಳಿ ಬಿತ್ತು. ಮರ ಹೊಳೆ ಬಿಟ್ಟು ರೈಲು ಹತ್ತಿತು. ದಾಂಡೇಲಿ ಬೆಳೆದದ್ದೇ ನಾಟಾ ಡಿಪೋದ ಸುತ್ತ: ದಿಮ್ಮಿಯ ಕೊಯ್ದ ಮುಖದ ಮೇಲೆ ಸುತ್ತಿಗೆಯ ಮುದ್ರೆ, ಸಂಖ್ಯೆ, ಅಳತೆ, ಆಮೇಲೆ ಹರಾಜು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದಾಗ ಬಿದಿರಿಗೂ ಬೇಡಿಕೆ ಹುಟ್ಟಿತು. ಮರುವರ್ಷವೇ ದಾಂಡೇಲಿ ವನ್ಯಜೀವಿಧಾಮ ಘೋಷಣೆಯಾಯಿತು. ಕಡಿತ ಮತ್ತು ಕಾವಲು ಒಂದೇ ಕಾಡಿನಲ್ಲಿ ದಶಕಗಟ್ಟಲೆ ಜೊತೆಯಾಗಿ ನಡೆದವು.

ಗಣೇಶಗುಡಿಯಲ್ಲಿ ಎದ್ದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನದಿಯ ನಡೆಯನ್ನೇ ಬದಲಿಸಿತು. ಸೂಪಾ ಊರು ಮುಳುಗಿತು, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಅಣೆಕಟ್ಟಿನ ಕೆಳಗಿನ ಬಂಡೆಗಳ ನಡುವೆ ಇಂದು ರಬ್ಬರ್ ರಾಫ್ಟುಗಳು ಇಳಿಯುತ್ತವೆ. ರಾಫ್ಟಿನ ಅಂಚಿನಲ್ಲಿ ಕೂತವರು ಅಡ್ಡದಿಂಡಿನಡಿ ಪಾದ ಸಿಕ್ಕಿಸಿಕೊಂಡು, ಹಿಂದಿನಿಂದ ಗೈಡ್ ‘ಫಾರ್ವರ್ಡ್’, ‘ಬ್ಯಾಕ್’ ಎಂದಂತೆ ಹುಟ್ಟು ಹಾಕುತ್ತಾರೆ. ಇಲ್ಲಿ ಸೆಳವು ಇರುವುದು ಅಣೆಕಟ್ಟಿನ ವಿದ್ಯುದಾಗಾರ ನೀರು ಬಿಟ್ಟಾಗ. ಟರ್ಬೈನು ನಿಂತರೆ ನೀರಿಳಿದು ಬಂಡೆಗಳು ಮೇಲೇಳುತ್ತವೆ, ರಾಫ್ಟುಗಳು ದಡ ಸೇರುತ್ತವೆ.