ಸ್ಪರ್ಧಾಪಾಟವವೂ ಉದ್ಯೋಗಯೋಗ್ಯತೆಯೂ

ಕಂಪ್ಯೂಟರ್ ಪ್ರೋಗ್ರಾಮುಗಳನ್ನು ರಚಿಸುವ ಸ್ಪರ್ಧೆಗಳಲ್ಲಿನ ಪಟುತ್ವವು ಉದ್ಯೋಗಕ್ಕೂ ಸಾಧಕವೇ ಎಂಬ ಇಂದಿನ ಪ್ರಶ್ನೆಗೆ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಚರಿತ್ರೆಯಲ್ಲಿ ಪೂರ್ವೋದಾಹರಣೆಯುಂಟು. ಅಲ್ಲಿಯ ಟ್ರೈಪಾಸ್ ಎಂಬ ಗಣಿತಪರೀಕ್ಷೆಯಲ್ಲಿ ನಿಯತಕಾಲದೊಳಗೆ ಕಠಿನಸಮಸ್ಯೆಗಳನ್ನು ಬಿಡಿಸಿದವರ ಹೆಸರುಗಳನ್ನು ಸ್ಥಾನಕ್ರಮದಿಂದ ಘೋಷಿಸುತ್ತಿದ್ದರು. ಅಗ್ರಸ್ಥಾನವು ಕಾಲೇಜಿನ ವಿದ್ವತ್ಪದವಿಗೆ ದಾರಿಯಾಗುತ್ತಿದ್ದಿತು. 1854ರಲ್ಲಿ ಎಡ್ವರ್ಡ್ ರೌತರು ಪ್ರಥಮರೂ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲರು ದ್ವಿತೀಯರೂ ಆದರು. ಆದರೆ ಅದೇ ವರ್ಷ ಸ್ಮಿತ್ ಪಾರಿತೋಷಿಕದ ಪರೀಕ್ಷಕರು ಇಬ್ಬರನ್ನೂ ಸಮಾನರೆಂದು ನಿರ್ಣಯಿಸಿದರು. ಮುಂದೆ ರೌತರು ಶಿಷ್ಯರನ್ನು ಟ್ರೈಪಾಸಿಗೆ ಅಣಿಗೊಳಿಸುವುದರಲ್ಲಿ ಅದ್ವಿತೀಯರೆನಿಸಿದರು. ಮ್ಯಾಕ್ಸ್‌ವೆಲ್ಲರು ವಿದ್ಯುತ್ಕಾಂತಸಿದ್ಧಾಂತವನ್ನು ರಚಿಸಿ, 1871ರಲ್ಲಿ ಕ್ಯಾವೆಂಡಿಷ್ ಪೀಠದ ಪ್ರಥಮ ಪ್ರಾಧ್ಯಾಪಕರಾದರು. 1909ರ ತರುವಾಯ ಸ್ಥಾನಕ್ರಮದ ಘೋಷಣೆಯೇ ನಿಂತಿತು. ಇಂದಿನ ಅನೇಕ ಸಂದರ್ಶನಗಳ ಪ್ರಶ್ನೆಗಳು ಸ್ಪರ್ಧೆಯ ಪ್ರಶ್ನೆಗಳ ಜಾತಿಯವೇ ಆದುದರಿಂದ ಸ್ಪರ್ಧಾಭ್ಯಾಸವು ಅಲ್ಲಿ ಉಪಕಾರಿಯೇ ಸರಿ. ಆದರೆ ಚಿರಕಾಲದ ಕಾರ್ಯಯೋಗ್ಯತೆಗೆ ಅದೊಂದೇ ಪ್ರಮಾಣವೆಂದು ಹಿಡಿದರೆ ಮ್ಯಾಕ್ಸ್‌ವೆಲ್ಲರಂಥವರು ಹಿಂದಿನ ಸಾಲಿನಲ್ಲಿಯೇ ಉಳಿಯಬೇಕಾದೀತು.