ಸಿಆರ್‌ಪಿ ಹೆಚ್ಚಿದ್ದರೆ ಹೃದಯದ ಲಯ ತಪ್ಪುತ್ತದೆಯೇ? ಉರಿಯೂತಕ್ಕೂ ಎದೆಬಡಿತಕ್ಕೂ ಇರುವ ನಂಟು ಇದು

ಜ್ವರ ಬಂದಾಗ ಎದೆ ಡವಡವ ಹೊಡೆದುಕೊಳ್ಳುವುದು ಎಲ್ಲರಿಗೂ ಗೊತ್ತು. ಮೈಯ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿಬಡಿತ ನಿಮಿಷಕ್ಕೆ ಸುಮಾರು 10ರಷ್ಟು ಹೆಚ್ಚುತ್ತದೆ. ಜ್ವರ ಇಳಿದರೆ ಬಡಿತವೂ ಇಳಿಯುತ್ತದೆ. ಆದರೆ ಬಡಿತದ ವೇಗ ಹೆಚ್ಚುವುದು ಬೇರೆ, ಲಯವೇ ತಪ್ಪುವುದು ಬೇರೆ. ಎರಡನೆಯದಕ್ಕೂ ದೇಹದೊಳಗಿನ ಉರಿಯೂತಕ್ಕೂ ನಂಟಿದೆ ಎಂಬುದನ್ನು ವೈದ್ಯಲೋಕ ಬಹಳ ಕಾಲದಿಂದ ಗಮನಿಸುತ್ತಾ ಬಂದಿದೆ.

ಈಗ ಇದು ಆಸ್ಪತ್ರೆಯ ಗೋಡೆ ದಾಟಿ ಮನೆಗೂ ಬಂದಿದೆ. 'ಫುಲ್ ಬಾಡಿ ಚೆಕಪ್' ಪ್ಯಾಕೇಜ್‌ಗಳಲ್ಲಿ ಸಿಆರ್‌ಪಿ, ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್ ಪರೀಕ್ಷೆಯೂ ಸೇರಿಕೊಂಡಿದೆ. ವರದಿಯಲ್ಲಿ ಆ ಅಂಕಿ ದಪ್ಪಕ್ಷರದಲ್ಲಿ ಕಂಡರೆ ಸಾಕು, ಹೃದಯಕ್ಕೇನೋ ಆಗಿದೆ ಎಂಬ ಭಯ ಶುರುವಾಗುತ್ತದೆ. ಆ ಭಯಕ್ಕೆ ಎಷ್ಟು ಆಧಾರವಿದೆ?

ಲಯ ತಪ್ಪುವುದು ಹೇಗೆ?

ಹೃದಯದ ಬಲ ಮೇಲ್ಕೋಣೆಯಲ್ಲಿರುವ ಸೈನಸ್ ನೋಡ್ ಎಂಬ ಪುಟ್ಟ ಭಾಗವೇ ಬಡಿತದ ಸೂತ್ರಧಾರ. ವಿಶ್ರಾಂತಿಯಲ್ಲಿದ್ದಾಗ ಅದು ನಿಮಿಷಕ್ಕೆ 60ರಿಂದ 100 ಬಾರಿ ವಿದ್ಯುತ್ ಸಂಕೇತ ಕಳುಹಿಸುತ್ತದೆ. ಸಂಕೇತವು ಜೀವಕೋಶದಿಂದ ಜೀವಕೋಶಕ್ಕೆ ಸರಾಗವಾಗಿ ಹರಿದರೆ ಲಯ ಸರಿ ಇರುತ್ತದೆ.

ಉರಿಯೂತವಾದಾಗ ರೋಗನಿರೋಧಕ ಕೋಶಗಳು ಇಂಟರ್‌ಲ್ಯೂಕಿನ್-6ನಂತಹ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ. ಇವು ಹೃದಯ ಕೋಶಗಳೊಳಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ಓಡಾಡುವ ದಾರಿಗಳನ್ನು ಏರುಪೇರು ಮಾಡುತ್ತವೆ. ಇದು ತಾತ್ಕಾಲಿಕ. ಉರಿಯೂತ ತಿಂಗಳು, ವರ್ಷಗಟ್ಟಲೆ ಉಳಿದರೆ ಸ್ನಾಯುವಿನ ನಡುವೆ ನಾರಿನಂತಹ ಕಲೆ ಕಟ್ಟುತ್ತದೆ. ಕಲೆಯ ಮೂಲಕ ವಿದ್ಯುತ್ ಹರಿಯುವುದಿಲ್ಲ. ಸುತ್ತು ಬಳಸಿ ಹೋಗುತ್ತದೆ, ಕೆಲವೊಮ್ಮೆ ಅದೇ ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ. ಲಯದೋಷ ಹುಟ್ಟುವ ದಾರಿಗಳಲ್ಲಿ ಇದು ಮುಖ್ಯವಾದದ್ದು.

ಇವುಗಳಲ್ಲಿ ಹೆಚ್ಚಾಗಿ ಕಾಣುವ ಗಂಭೀರ ತೊಂದರೆ ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲ್ಕೋಣೆಗಳು ಕುಗ್ಗುವ ಬದಲು ಬರೀ ನಡುಗುತ್ತವೆ. ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಈ ತೊಂದರೆ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಹೆಚ್ಚು.

ನಂಟು ಕಂಡದ್ದು ಎಲ್ಲಿ?

ಹೃದಯದ ಶಸ್ತ್ರಚಿಕಿತ್ಸೆ ಮಾಡುವವರಿಗೆ ಇದು ಹಳೆಯ ಅನುಭವ. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಾದ ಎರಡು ಮೂರು ದಿನಕ್ಕೆ, ಉರಿಯೂತ ತಾರಕಕ್ಕೇರುವ ಹೊತ್ತಿಗೇ ಬಹಳಷ್ಟು ರೋಗಿಗಳ ಲಯ ತಪ್ಪುತ್ತದೆ. 1997ರಲ್ಲಿ ರೋಮ್‌ನ ವೈದ್ಯರು ಬೇರೆ ಯಾವ ಕಾರಣವೂ ಸಿಗದೆ ಏಟ್ರಿಯಲ್ ಫಿಬ್ರಿಲೇಷನ್‌ಗೆ ತುತ್ತಾಗಿದ್ದ 12 ಜನರ ಹೃದಯದ ಚೂರನ್ನು ಪರೀಕ್ಷಿಸಿದಾಗ ಮೂರನೇ ಎರಡರಷ್ಟು ಜನರಲ್ಲಿ ಹೃದಯ ಸ್ನಾಯುವಿನ ಉರಿಯೂತದ ಗುರುತು ಸಿಕ್ಕಿತು. 2001ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ತಂಡ, ಲಯದೋಷ ಇರುವವರ ರಕ್ತದಲ್ಲಿ ಸಿಆರ್‌ಪಿ ಹೆಚ್ಚಿರುವುದನ್ನು ತೋರಿಸಿತು. ಹಾಗಾದರೆ ಸಿಆರ್‌ಪಿಯೇ ಅಪರಾಧಿಯೇ?

ಹೊಗೆಯೋ, ಬೆಂಕಿಯೋ?

ಇಲ್ಲಿ ಸ್ವಲ್ಪ ಹೊತ್ತು ವೈದ್ಯರನ್ನು ಬಿಟ್ಟು ಸಂಖ್ಯಾಶಾಸ್ತ್ರಜ್ಞರ ಬಳಿ ಹೋಗಬೇಕು. ಕೋಲ್ಕತ್ತದ ಉತ್ತರಕ್ಕೆ, ಹೂಗ್ಲಿ ನದಿ ತೀರದ ಬಾರಾನಗರದಲ್ಲಿ ಪಿ.ಸಿ. ಮಹಲನೋಬಿಸ್ ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆ ಇದೆ. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ 1941ರಲ್ಲಿ ಈ ಸಂಸ್ಥೆ ಸೇರಿ ಸುಮಾರು ನಾಲ್ಕು ದಶಕ ದುಡಿದರು. ಅಂಕಿಅಂಶ ಓದುವ ಯಾರೇ ಆದರೂ ಮೊದಲು ಕಲಿಯುವ ಪಾಠವೊಂದಿದೆ: ಎರಡು ಸಂಗತಿ ಜೊತೆಜೊತೆಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ.

ಈ ಪಾಠವನ್ನು ಸಿಆರ್‌ಪಿಗೆ ಅನ್ವಯಿಸಿದವರು ಡೆನ್ಮಾರ್ಕ್‌ನ ಸಂಶೋಧಕರು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 47,000 ಜನರನ್ನು ಪರಿಶೀಲಿಸಿದರು. ರಕ್ತದಲ್ಲಿ ಸಿಆರ್‌ಪಿ ಹೆಚ್ಚಿದ್ದವರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಹೆಚ್ಚಿತ್ತು, ಅದು ನಿಜ. ಆದರೆ ಕೆಲವರಿಗೆ ಹುಟ್ಟಿನಿಂದಲೇ, ವಂಶವಾಹಿಯ ಕಾರಣಕ್ಕೆ ಸಿಆರ್‌ಪಿ ಹೆಚ್ಚಿರುತ್ತದೆ. ಅಂಥವರಲ್ಲಿ ಲಯದೋಷ ಹೆಚ್ಚು ಕಾಣಲಿಲ್ಲ. ಅಂದರೆ ಸಿಆರ್‌ಪಿ ಹೊಗೆ ಮಾತ್ರ. ಬೆಂಕಿ ಬೇರೆಲ್ಲೋ ಇದೆ.

ಹಾಗಾಗಿ ವರದಿಯಲ್ಲಿ ಸಿಆರ್‌ಪಿ ತುಸು ಹೆಚ್ಚಿದ್ದರೆ ಗಾಬರಿ ಬೇಡ. ನೆಗಡಿ, ಹಲ್ಲಿನ ಸೋಂಕು, ಬೊಜ್ಜು, ಧೂಮಪಾನ ಎಲ್ಲವೂ ಅದನ್ನು ಏರಿಸುತ್ತವೆ. ಹೃದಯದ ಅಪಾಯ ಅಳೆಯಲು ಮಾಡಿಸಿದ ಪರೀಕ್ಷೆಯಲ್ಲಿ ಲೀಟರ್‌ಗೆ 10 ಮಿಲಿಗ್ರಾಂ ದಾಟಿದರೆ ವೈದ್ಯರು ಮೊದಲು ಸೋಂಕು ಹುಡುಕುತ್ತಾರೆ, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ.

ಮಾತ್ರೆ ನುಂಗಿದರೆ ಸರಿಹೋಗುತ್ತದೆಯೇ?

ಉರಿಯೂತ ಕಾರಣವಾದರೆ ಉರಿಯೂತ ತಗ್ಗಿಸುವ ಮಾತ್ರೆ ಕೊಟ್ಟರಾಯಿತಲ್ಲ? ಕೊಟ್ಟು ನೋಡಿದ್ದಾರೆ. ಎದೆಯ ಶಸ್ತ್ರಚಿಕಿತ್ಸೆಗೆ ಒಳಗಾದ ಸುಮಾರು 3,200 ಜನರ ಮೇಲೆ ಕಾಲ್ಚಿಸಿನ್ ಔಷಧ ಪ್ರಯೋಗಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ಶೇ 6.4 ಮಂದಿಗೆ, ಪಡೆಯದವರಲ್ಲಿ ಶೇ 7.5 ಮಂದಿಗೆ ಲಯ ತಪ್ಪಿತು. ಔಷಧದಿಂದಲೇ ಆಯಿತು ಎಂದು ಹೇಳುವಷ್ಟು ದೊಡ್ಡ ವ್ಯತ್ಯಾಸವಲ್ಲ ಇದು. ಭೇದಿ ಮಾತ್ರ ಹೆಚ್ಚಾಯಿತು.

ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳ ವಿಷಯದಲ್ಲಂತೂ ಎಚ್ಚರ ಬೇಕು. ಅವೂ ಉರಿಯೂತ ತಗ್ಗಿಸುವ ಮಾತ್ರೆಗಳೇ. ಆದರೆ ಅವನ್ನು ಹೊಸದಾಗಿ ಶುರುಮಾಡಿದವರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಹೆಚ್ಚಾಗಿ ಕಂಡುಬಂದಿದೆ ಎಂದು 2011ರ ಮತ್ತೊಂದು ಡೆನ್ಮಾರ್ಕ್ ಅಧ್ಯಯನ ಹೇಳಿತು. ಇಲ್ಲೂ ಹೊಗೆ-ಬೆಂಕಿಯ ಪ್ರಶ್ನೆ ಎತ್ತಬಹುದು. ನೋವು ತಂದ ಕಾಯಿಲೆಯೇ ಲಯ ಕೆಡಿಸಿರಬಹುದು. ಆದರೂ ಇವು ದೇಹದಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ, ರಕ್ತದೊತ್ತಡ ಏರಿಸುತ್ತವೆ. ಹೃದಯಕ್ಕೆ ಒಳ್ಳೆಯದೆಂದು ನುಂಗುವ ಮಾತ್ರೆಗಳಂತೂ ಅಲ್ಲ.

ನಮ್ಮಲ್ಲಿ ಬೆಂಕಿ ಇರುವುದು ಎಲ್ಲಿ?

ನಮ್ಮ ದೇಶದಲ್ಲಿ ಉರಿಯೂತದಿಂದ ಲಯ ಕೆಡುವುದಕ್ಕೆ ಸ್ಪಷ್ಟ ಉದಾಹರಣೆ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದ ಮಕ್ಕಳಿಗೆ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ. ಎರಡು ಮೂರು ವಾರದ ನಂತರ ಕೆಲವರಲ್ಲಿ ಕೀಲುಗಳು ಒಂದಾದ ಮೇಲೊಂದು ಊದಿಕೊಳ್ಳುತ್ತವೆ, ಹೃದಯಕ್ಕೂ ಉರಿಯೂತ ತಗಲುತ್ತದೆ. ಬ್ಯಾಕ್ಟೀರಿಯಾ ವಿರುದ್ಧ ತಯಾರಾದ ನಿರೋಧಕ ಶಕ್ತಿ ಹೃದಯದ ಮೇಲೇ ತಿರುಗಿಬೀಳುವುದು ಇದಕ್ಕೆ ಕಾರಣ. ಕೀಲುನೋವು ಹೋಗುತ್ತದೆ, ಕವಾಟದ ಗಾಯ ಉಳಿಯುತ್ತದೆ. ಹತ್ತಿಪ್ಪತ್ತು ವರ್ಷದಲ್ಲಿ ಮಿಟ್ರಲ್ ಕವಾಟ ಕಿರಿದಾಗಿ, ಎಡ ಮೇಲ್ಕೋಣೆ ಹಿಗ್ಗಿ, ಲಯ ತಪ್ಪುತ್ತದೆ. ಇಕ್ಕಟ್ಟಿನ ಮನೆಗಳಲ್ಲಿ ಹಲವರು ಒಟ್ಟಿಗೆ ಮಲಗುವ ಕಡೆ ಈ ಕಾಯಿಲೆ ಹೆಚ್ಚು.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಇಂತಹ ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಗೆ ಹೆಸರಾಗಿದೆ. ರುಮ್ಯಾಟಿಕ್ ಹೃದ್ರೋಗದ ಜೊತೆ ಏಟ್ರಿಯಲ್ ಫಿಬ್ರಿಲೇಷನ್ ಇದ್ದ ಸುಮಾರು 4,500 ಜನರ ಅಂತರರಾಷ್ಟ್ರೀಯ ಅಧ್ಯಯನವೊಂದು 2022ರಲ್ಲಿ ಬಂತು. ರೋಗಿಗಳ ಸರಾಸರಿ ವಯಸ್ಸು ಸುಮಾರು 50, ಹತ್ತರಲ್ಲಿ ಏಳು ಮಂದಿ ಮಹಿಳೆಯರು. ಹೊಸ ರಿವರಾಕ್ಸಬಾನ್‌ಗಿಂತ ವಾರ್ಫರಿನ್ ಬಗೆಯ ಹಳೆಯ ಔಷಧ ಪಡೆದವರಲ್ಲೇ ಸಾವು ಕಡಿಮೆಯಿತ್ತು. ಇಂತಹ ರೋಗಿಗಳು 'ಹೊಸದು ಒಳ್ಳೆಯದು' ಎಂದು ತಾವೇ ಮಾತ್ರೆ ಬದಲಿಸಬಾರದು, ಐಎನ್‌ಆರ್ ರಕ್ತ ಪರೀಕ್ಷೆಯನ್ನೂ ತಪ್ಪಿಸಬಾರದು.

ಕ್ಷಯವೂ ಈ ಪಟ್ಟಿಯಲ್ಲಿದೆ ಎಂದರೆ ಅಚ್ಚರಿಯಾಗಬಹುದು. ಹೃದಯದ ಕೆಳಕೋಣೆಯಿಂದ ವಿಪರೀತ ವೇಗದ ಬಡಿತ ಹುಟ್ಟುತ್ತಿದ್ದ 14 ರೋಗಿಗಳ ಬಗ್ಗೆ ಹೈದರಾಬಾದ್ ವೈದ್ಯರು 2011ರಲ್ಲಿ ವರದಿ ಮಾಡಿದರು. ಅವರ ಹೃದಯದ ಪಂಪ್ ಮಾಡುವ ಶಕ್ತಿ ಚೆನ್ನಾಗಿಯೇ ಇತ್ತು. ಆದರೆ ಎದೆಯ ದುಗ್ಧಗ್ರಂಥಿಗಳು ಊದಿಕೊಂಡಿದ್ದವು. ಪರೀಕ್ಷಿಸಿದಾಗ ಸಿಕ್ಕಿದ್ದು ಕ್ಷಯ ಅಥವಾ ಸಾರ್ಕಾಯ್ಡೋಸಿಸ್‌ನ ಉರಿಯೂತದ ಗಂಟುಗಳು. ಇಂಥ ಕಡೆ ಮೂಲ ಕಾಯಿಲೆಗೆ ಚಿಕಿತ್ಸೆ ಕೊಡುವುದೂ ಲಯದ ಚಿಕಿತ್ಸೆಯ ಭಾಗವೇ.

ಯಾವಾಗ ವೈದ್ಯರನ್ನು ಕಾಣಬೇಕು?

ಮಣಿಕಟ್ಟಿನ ನಾಡಿ ಹಿಡಿದು ಒಂದು ನಿಮಿಷ ಎಣಿಸಿ. ಬಡಿತ ಗೊತ್ತುಗುರಿಯಿಲ್ಲದೆ ಬೀಳುತ್ತಿದ್ದರೆ ಇಸಿಜಿ ಮಾಡಿಸಿ. ಎದೆಬಡಿತದ ಜೊತೆ ತಲೆಸುತ್ತು, ಪ್ರಜ್ಞೆ ತಪ್ಪುವುದು, ಎದೆನೋವು ಅಥವಾ ಉಸಿರಾಟದ ತೊಂದರೆ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ವೈರಲ್ ಜ್ವರದ ನಂತರ ಹೃದಯ ಸ್ನಾಯುವಿನ ಉರಿಯೂತ ಆಗಿದೆ ಎಂದು ವೈದ್ಯರು ಹೇಳಿದ್ದರೆ ಮೂರರಿಂದ ಆರು ತಿಂಗಳು ಜಿಮ್, ಓಟ, ಆಟ ಬೇಡ.

ಮಗುವಿಗೆ ರುಮ್ಯಾಟಿಕ್ ಜ್ವರ ಬಂದಿದ್ದರೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಡಿಸಬೇಕಾಗುತ್ತದೆ. ಕೀಲುನೋವು ಹೋಯಿತೆಂದು ಬಹಳ ಮನೆಗಳಲ್ಲಿ ಇದನ್ನು ನಿಲ್ಲಿಸಿಬಿಡುತ್ತಾರೆ. ಹೃದಯಕ್ಕೆ ತೊಂದರೆ ಆಗದಿದ್ದವರಿಗೂ ಇದು ಕನಿಷ್ಠ ಐದು ವರ್ಷ ಅಥವಾ 21ನೇ ವಯಸ್ಸಿನವರೆಗೆ, ಯಾವುದು ಹೆಚ್ಚೋ ಅಷ್ಟು ಕಾಲ ಬೇಕು. ಕವಾಟಕ್ಕೆ ಶಾಶ್ವತ ಪೆಟ್ಟಾಗಿದ್ದರೆ 40ರವರೆಗೂ ಮುಂದುವರಿಸಲು ವೈದ್ಯರು ಹೇಳುತ್ತಾರೆ.