ಕಿವಿ ಸೋರುವ ರೋಗ

ಮಧ್ಯಕರ್ಣದ ದೀರ್ಘಕಾಲಿಕ ಉರಿಯೂತ. ಕಿವಿಯ ತಮಟೆ ತೂತಾಗಿ ವಾರಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಕೀವು ಒಸರುತ್ತದೆ, ಕಿವಿ ಮಂದವಾಗುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ, ಜನ ಇದನ್ನು ಉದಾಸೀನ ಮಾಡುತ್ತ ಬಂದುದಕ್ಕೆ ಅದೂ ಕಾರಣ.

ಸುಶ್ರುತಸಂಹಿತೆ ಎಣಿಸುವ 28 ಕರ್ಣರೋಗಗಳಲ್ಲಿ ಸೋರುವ ಕರ್ಣಸ್ರಾವವೂ ನಾರುವ ಪೂತಿಕರ್ಣವೂ ಬೇರೆಬೇರೆ. ಈ ವಿಂಗಡಣೆ ಹಳತಾಗಿಲ್ಲ: ಕೀವು ಸ್ವಲ್ಪವೇ ಇದ್ದು ದುರ್ನಾತ ಬಂದರೆ ಇಂದಿನ ವೈದ್ಯರೂ ಒಳಗೆ ಮೂಳೆ ಸವೆಯುತ್ತಿದೆಯೇ ಎಂದು ಶಂಕಿಸುತ್ತಾರೆ.

ಸೋರುವ ಕಿವಿಯನ್ನು ನಿಲ್ಲಿಸಿದರೆ ಕೆಟ್ಟ ರಸ ಒಳಗೇ ಉಳಿಯುತ್ತದೆಂದು ಯೂರೋಪಿನಲ್ಲಿ ಬಹುಕಾಲ ನಂಬಿದ್ದರು. ಕಿವಿಯ ಹಿಂದಿನ ಮೂಳೆ ಕೊರೆದು ಕೀವು ತೆಗೆಯುವುದನ್ನು 18ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಪೆಟಿ ಮಾಡಿ ತೋರಿಸಿದ. ಆದರೆ 1791ರಲ್ಲಿ ಡೆನ್ಮಾರ್ಕಿನ ರಾಜವೈದ್ಯ ಬರ್ಗರ್ ತನ್ನ ಕಿವುಡಿಗೆಂದು ಅದನ್ನೇ ಮಾಡಿಸಿಕೊಂಡು ಮಿದುಳುಪೊರೆಯ ಉರಿಯೂತದಿಂದ ಸತ್ತ. ತಪ್ಪು ರೋಗಕ್ಕೆ ಮಾಡಿದ ಚಿಕಿತ್ಸೆ ಅದು. ಅಪಕೀರ್ತಿ ಮಾತ್ರ ಶಸ್ತ್ರಕ್ರಿಯೆಗೆ ಅಂಟಿತು. ಅದು ಕಳೆದು, ಜರ್ಮನಿಯ ಹಾಲೆ ನಗರದ ಷ್ವಾರ್ಟ್ಸೆ 1873ರಲ್ಲಿ ಶಸ್ತ್ರಕ್ರಿಯೆಗೆ ಕ್ರಮಬದ್ಧ ರೂಪ ಕೊಡುವವರೆಗೆ ಎಷ್ಟೋ ಕಿವಿಗಳು ಸೋರುತ್ತಲೇ ಉಳಿದವು. ಈ ನಡುವೆ, 1853ರಲ್ಲಿ, ಸೋರುವ ಕಿವಿಯನ್ನು ಹಗುರವಾಗಿ ಕಾಣಬೇಡಿರೆಂದು ಗ್ರಂಥ ಬರೆದವನು ಡಬ್ಲಿನ್ನಿನ ವಿಲಿಯಂ ವೈಲ್ಡ್. ಅವನ ಮಗ, ಸಾಹಿತಿ ಆಸ್ಕರ್ ವೈಲ್ಡ್, 1900ರಲ್ಲಿ ಮಿದುಳುಪೊರೆಯ ಉರಿಯೂತದಿಂದ ತೀರಿಕೊಂಡ. ಅದರ ಮೂಲ ಕಿವಿಯಲ್ಲೇ ಇತ್ತೆಂದು ಹಲವು ವೈದ್ಯರ ಅಭಿಪ್ರಾಯ.

ರೋಗದ ಅಪಾಯಕಾರಿ ರೂಪದ ಹೆಸರಿನಲ್ಲೇ ತಪ್ಪಿದೆ. ಮುತ್ತಿನಂತೆ ಹೊಳೆಯುವ ಬಿಳಿಗಂಟನ್ನು 1838ರಲ್ಲಿ ಜರ್ಮನ್ ವಿಜ್ಞಾನಿ ಯೊಹಾನೆಸ್ ಮ್ಯೂಲರ್ 'ಕೊಲೆಸ್ಟಿಯಾಟೋಮ' ಎಂದು ಕರೆದ. ಆದರೆ ಹೆಸರು ಹೇಳುವಂತೆ ಅದು ಕೊಬ್ಬಿನ ಗೆಡ್ಡೆಯಲ್ಲ. ಇರಬಾರದ ಜಾಗದಲ್ಲಿ ಬೆಳೆದ ಚರ್ಮ. ಉದುರಿದ ಪದರಗಳು ಹೊರಬರಲಾರದೆ ಒಟ್ಟಾಗಿ ಸುತ್ತಲಿನ ಮೂಳೆಯನ್ನು ತಿನ್ನುತ್ತವೆ. ಚರ್ಮ ಅಲ್ಲಿಗೆ ಹೋದದ್ದು ಹೇಗೆ? ತಮಟೆಯ ತೂತಿನ ಅಂಚಿನಿಂದ ತೆವಳಿತೆಂದು ಕಿವಿವೈದ್ಯರಾದ ಹಾಬರ್‌ಮನ್ ಮತ್ತು ಬೆಟ್ಸೋಲ್ಡ್ 19ನೆಯ ಶತಮಾನದ ಕೊನೆಗೆ ವಾದಿಸಿದರು. ಮೂಗಿನ ಹಿಂಭಾಗದಿಂದ ಕಿವಿಗೆ ಗಾಳಿ ತರುವ ನಾಳ ಕೆಟ್ಟಾಗ ತಮಟೆ ಒಳಕ್ಕೆ ಎಳೆಯಲ್ಪಟ್ಟು ಚೀಲವಾಗುತ್ತದೆಂಬುದು ಇನ್ನೊಂದು ವಾದ. ಚರ್ಚೆ ಮುಗಿದಿಲ್ಲ. ಬಾಲ್ಯದಲ್ಲಿ ಮರುಕಳಿಸುವ ನೆಗಡಿ, ಕಿವಿಯ ಸೋಂಕುಗಳು ದಾರಿ ಮಾಡಿಕೊಡುತ್ತವೆ. ತೂತಾದ ಕಿವಿಯಲ್ಲಿ ಸ್ಯೂಡೊಮೊನಾಸ್, ಸ್ಟ್ಯಾಫಿಲೊಕಾಕಸ್ ಜೀವಾಣುಗಳು ನೆಲೆಯೂರುತ್ತವೆ. ತಲೆಸುತ್ತು, ಮುಖ ಸೊಟ್ಟಗಾಗುವುದು, ವಿಪರೀತ ತಲೆನೋವು ಬಂದರೆ ರೋಗ ಕಿವಿಯನ್ನು ದಾಟಿದೆಯೆಂದೇ ಶಂಕಿಸಬೇಕು.

ಪತ್ತೆಯ ಸಾಧನಗಳೂ 19ನೆಯ ಶತಮಾನದಿಂದಲೇ ಬಂದವು: ನಡುವೆ ತೂತಿರುವ ಹಣೆಗನ್ನಡಿ, ಶ್ರುತಿಕವಲಿನಿಂದ ಮಾಡುವ ರಿನ್ನೆ ಪರೀಕ್ಷೆ. 1921ರಲ್ಲಿ ಸ್ವೀಡನ್ನಿನ ನೈಲೆನ್ ಶಸ್ತ್ರಕ್ರಿಯೆಗೆ ಸೂಕ್ಷ್ಮದರ್ಶಕ ತಂದ. ಮೂಳೆಯ ಸವಕಲನ್ನು ಈಗ ಸಿ.ಟಿ. ಸ್ಕ್ಯಾನ್ ತೋರಿಸುತ್ತದೆ. ಇಷ್ಟಾದರೂ ಮೊದಲ ಕೆಲಸ ಕೀವು ಒರೆಸಿ ತಮಟೆಯನ್ನು ಪೂರ್ತಿ ನೋಡುವುದೇ. ಅದರ ಮೇಲಂಚಿಗೆ ಅಂಟಿದ ಒಣ ಹಕ್ಕಳೆಯನ್ನು ಗುಗ್ಗೆಯೆಂದು ಬಿಟ್ಟರೆ ಅದರಡಿಯ ಕೊಲೆಸ್ಟಿಯಾಟೋಮ ತಪ್ಪಿಹೋಗುತ್ತದೆ.